ಕೆಸೆಟ್ ಓದು, ದಸರಾ ರಜೆ, ಮನೆ ಶಿಫ್ಟಿಂಗ್ ಎಲ್ಲ ಒಟ್ಟಿಗೇ ಬಂದಿದೆ. ಯಾವುದನ್ನು ಮೊದಲು ಹಿಡಿಯಲಿ?

ಹೊಸನಗರದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾವಿರುವುದು ಹೊಸನಗರದಲ್ಲಿ, ಬಾಡಿಗೆ ಮನೆ. ಇವರಿಗೆ ಶಿವಮೊಗ್ಗಕ್ಕೆ ವರ್ಗ ಆಗಿದೆ. ಸದ್ಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ರಾತ್ರಿ ಬರುತ್ತಿದ್ದಾರೆ. ರಿಪ್ಪನ್‌ಪೇಟೆ, ಅರಸಾಳು, ಆಯನೂರು ದಾರಿಯ ಒಂದೊಂದು ಗುಂಡಿಯೂ ಅವರಿಗೆ ಬಾಯಿಪಾಠ. ಗೋಪಾಳದಲ್ಲಿ ಮನೆ ಸಿಕ್ಕಿದೆ, ಅಡ್ವಾನ್ಸ್ ಕೊಟ್ಟಾಗಿದೆ. ಅಕ್ಟೋಬರ್ 1ರಿಂದ ಬಾಡಿಗೆ ಶುರು. ಇಲ್ಲಿಯ ಮನೆ ಬಿಡಲು ಅಕ್ಟೋಬರ್ ಕೊನೆವರೆಗೆ ಟೈಮ್ ಇದೆ. ಅಂದರೆ ಆ ತಿಂಗಳು ಎರಡೂ ಕಡೆ ಬಾಡಿಗೆ ಕಕ್ಕಬೇಕು.

ನನ್ನದು ಕನ್ನಡ ಎಂ.ಎ. ಅತಿಥಿ ಉಪನ್ಯಾಸಕಿಯಾಗಿದ್ದೆ, ಚಿಕ್ಕವನು ಹುಟ್ಟಿದ ಮೇಲೆ ಬಿಟ್ಟೆ. ಈ ಸಲ ಕೆಸೆಟ್‌ಗೆ, ಅಂದರೆ ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆಗೆ, ಅರ್ಜಿ ಹಾಕಿದ್ದೇನೆ. ಪರೀಕ್ಷೆ 2025ರ ನವೆಂಬರ್ 2, ಭಾನುವಾರ. ಮಕ್ಕಳು ಮಲಗಿದ ಮೇಲೆ ಅಡುಗೆಮನೆ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು, ನಿಂತೇ ಓದುತ್ತೇನೆ. ಕೂತರೆ ನಿದ್ದೆ ಬರುತ್ತದೆ. ಛಂದಸ್ಸನ್ನು ಜೋರಾಗಿ ಹೇಳಿಕೊಂಡು ಓದುವ ಅಭ್ಯಾಸ ನನಗೆ. ಅದನ್ನು ಕೇಳಿ ಕೇಳಿ ಎರಡನೇ ಕ್ಲಾಸಿನ ಮಗಳು ಈಗ ಅಂಗಳದಲ್ಲಿ ಗಣ ನೆನಪಿಡುವ ಸೂತ್ರ 'ಯಮಾತಾರಾಜಭಾನಸಲಗಂ' ಅನ್ನುತ್ತ ಕುಂಟಬಿಲ್ಲೆ ಆಡುತ್ತಾಳೆ. ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಗೆರೆ ತುಳಿದರೆ ಮತ್ತೆ 'ಯ'ದಿಂದ!

ಈಗ ಕ್ಯಾಲೆಂಡರ್ ನೋಡಿ. ಸದ್ಯ ಪಿತೃಪಕ್ಷ, ಸಾಮಾನು ಎತ್ತುವುದು ಬೇಡ ಅಂದಿದ್ದಾರೆ ಮಾವ. ಸೆಪ್ಟೆಂಬರ್ 21ಕ್ಕೆ ಮಹಾಲಯ ಅಮಾವಾಸ್ಯೆ, ಮಾರನೇ ದಿನದಿಂದ ನವರಾತ್ರಿ. ಅಕ್ಟೋಬರ್ 2 ವಿಜಯದಶಮಿ. ಆಮೇಲೆ ಐದೇ ದಿನಕ್ಕೆ ಭೂಮಿ ಹುಣ್ಣಿಮೆ. 20ರಿಂದ ದೀಪಾವಳಿ. ನಮ್ಮ ಕಡೆ ದೊಡ್ಡಬ್ಬ ಅಂದರೆ ಅದೇ, ಊರಿಗೆ ಹೋಗದೆ ಇರುವ ಮಾತೇ ಇಲ್ಲ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ಪರೀಕ್ಷೆ.

ಉಳಿದ ಹಬ್ಬ ಹೇಗೋ ಆಗುತ್ತದೆ, ಭೂಮಿ ಹುಣ್ಣಿಮೆಯದ್ದೇ ನನಗೆ ಚಿಂತೆ. ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಅತ್ತೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿನಾರಿನದು. ಈಗ ಅವರ ಕೈ ನಡುಗುತ್ತದೆ, ಉದ್ದ ಎಳೆಗಳನ್ನು ನಾನೇ ಎಳೆಯಬೇಕು. ಬುಟ್ಟಿಯ ಬಾಯಿ ಸುತ್ತ ಬರುವ ಎಳೆ ಒಂದು ಕಡೆ ಸ್ವಲ್ಪ ದಪ್ಪ ಆದರೂ ಒದ್ದೆ ಬಟ್ಟೆ ತಂದು ಕೈಗೆ ಕೊಡುತ್ತಾರೆ, ಒರೆಸಿ ಮತ್ತೆ ಎಳೆ ಅಂತ. ಹಬ್ಬದ ಹಿಂದಿನ ರಾತ್ರಿ ಇಡೀ ಅಡುಗೆ. ಬೆಳಕು ಹರಿಯುವ ಮುಂಚೆ ಆ ಅಡುಗೆಯನ್ನು ಗದ್ದೆಗೆ ಚರಗ ಅಂತ ಬೀರಬೇಕು, ಹೊಡೆ ತುಂಬಿದ ಭತ್ತಕ್ಕೆ ಅದು ಬಸುರಿಯ ಬಯಕೆ ಊಟ. ಪರೀಕ್ಷೆಯಲ್ಲಿ ಜಾನಪದದಿಂದ ಇದರ ಮೇಲೆ ಪ್ರಶ್ನೆ ಬಂದರೆ ಅಷ್ಟು ಅಂಕ ಗ್ಯಾರಂಟಿ, ಅದೊಂದೇ ಲಾಭ.

ಇವರು ದಸರಾ ರಜೆಯಲ್ಲೇ ಎಲ್ಲ ಸಾಗಿಸಿಬಿಡೋಣ ಅನ್ನುತ್ತಾರೆ. ಕುಂಸಿಯಿಂದ ಅಮ್ಮ ಫೋನ್ ಮಾಡಿ 'ಪರೀಕ್ಷೆ ಮುಗಿಸಿಕೊಂಡು ಹೋಗೇ' ಅನ್ನುತ್ತಾಳೆ. ಮಾವನದು ಒಂದೇ ಮಾತು: ವಿಜಯದಶಮಿ ದಿನ ಹಾಲು ಉಕ್ಕಿಸಿ, ಅವತ್ತಿಗೆ ಪಂಚಾಂಗವೂ ನೋಡಬೇಕಿಲ್ಲ. ಮಗಳ ಸ್ಕೂಲು ಬೇರೆ ವರ್ಷದ ಮಧ್ಯೆ ಬದಲಾಗಬೇಕು. ಇಂಥದ್ದನ್ನು ದಾಟಿ ಬಂದವರು ಯಾರಾದರೂ ಇದ್ದೀರಾ?

ಗೋಪಾಳದವ

ನಮ್ಮ ಏರಿಯಾಗೆ ಸ್ವಾಗತ. ಗಾಡಿ ವಿಷಯ ಮಾತ್ರ ಹೇಳುತ್ತೇನೆ, ಉಳಿದದ್ದು ಬಲ್ಲವರು ಹೇಳಲಿ.

ಅಕ್ಟೋಬರ್ ಮೊದಲ ವಾರ ಅಂದರೆ ಹಸ್ತ ಮಳೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಹಾಸಿಗೆ, ಪುಸ್ತಕ ಇರುವ ಲೋಡನ್ನು ಬೆಳಗಿನ ಜಾವವೇ ಹೊರಡಿಸಿ. ಗಾಡಿಯವರು 'ಟಾರ್ಪಲ್ ಇದೆ' ಅಂದರೆ ಬಿಡಿಸಿ ತೋರಿಸಲು ಹೇಳಿ, ತೂತು ಎಷ್ಟಿದೆ ನೋಡಿ. ಅಡಿಕೆ ಕೊಯ್ಲು ಶುರುವಾದರೆ ಪಿಕಪ್ ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ಜಾಸ್ತಿ ಕೇಳುತ್ತಾರೆ. ಈಗಲೇ ಮಾತಾಡಿ ಇಟ್ಟುಕೊಳ್ಳಿ.

ವಿಜಯದಶಮಿ ದಿನವೇ ಬರುವುದಾದರೆ ಭಯ ಬೇಡ. ಜಂಬೂ ಸವಾರಿ ಗಲಾಟೆ ಎಲ್ಲ ಕೋಟೆ ರಸ್ತೆ, ಗಾಂಧಿ ಬಜಾರ್, ನೆಹರು ರಸ್ತೆ ಕಡೆಗೆ. ನೀವು ಆಯನೂರಿಂದ ಸಾಗರ ರಸ್ತೆಯಲ್ಲೇ ಆಲ್ಕೊಳ ಸರ್ಕಲ್‌ವರೆಗೆ ಬಂದು ಈ ಕಡೆ ತಿರುಗಿದರೆ ಆಯಿತು, ಪೇಟೆಯೊಳಗೆ ಹೋಗಬೇಕಾಗಿಯೇ ಇಲ್ಲ. ಸಾಮಾನು ಇಳಿಸಿ ಮಕ್ಕಳಿಗೆ ಸಕ್ರೆಬೈಲಿನ ಆನೆ ಅಂಬಾರಿ ಹೊರುವುದನ್ನೂ ತೋರಿಸಬಹುದು.

ಮೇಷ್ಟ್ರು

ತಾಯೀ, ಮಗಳ ವಿಷಯಕ್ಕೆ ಮೊದಲು ಓಡಿ. ದಸರಾ ರಜೆ ಸೆಪ್ಟೆಂಬರ್ 20ಕ್ಕೇ ಶುರು. 22ರಿಂದ ನಮ್ಮನ್ನೆಲ್ಲ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಹಾಕಿದ್ದಾರೆ, ಮನೆ ಮನೆ ತಿರುಗುತ್ತಿರುತ್ತೇವೆ. ಆಗ ನೀವು ಟಿ.ಸಿ. ಅಂತ ಬಂದರೆ ಶಾಲೆಯಲ್ಲಿ ಯಾರೂ ಸಿಗಲಿಕ್ಕಿಲ್ಲ. ಈ ವಾರವೇ ಅರ್ಜಿ ಕೊಡಿ.

ಕಾಗದ ಕೈಗೆ ಬಂದರೆ ಸಾಲದು. ಹಳೇ ಶಾಲೆಯವರು ಸ್ಯಾಟ್ಸ್‌ನಲ್ಲೂ, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲೂ, ಮಗುವನ್ನು ಬಿಡುಗಡೆ ಮಾಡಬೇಕು. ಅಲ್ಲಿ ಹೆಸರು ಹಾಗೇ ಉಳಿದರೆ ಹೊಸ ಶಾಲೆಯವರಿಗೆ ಸೇರಿಸಿಕೊಳ್ಳಲು ಆಗುವುದಿಲ್ಲ. ಸ್ಯಾಟ್ಸ್ ನಂಬರ್ ಬರೆದಿಟ್ಟುಕೊಳ್ಳಿ. ಮೊದಲನೇ ಅವಧಿ ಮುಗಿಸಿ ಬರುವುದರಿಂದ ಮಗುವಿಗೆ ಏನೂ ನಷ್ಟ ಇಲ್ಲ. ರಜೆ ಮುಗಿದ ಮೇಲೆ ಹೋದರೆ ಎಲ್ಲ ಮಕ್ಕಳಿಗೂ ಅದು ಹೊಸದಾಗಿ ಶುರುವಾದ ಹಾಗೇ ಇರುತ್ತದೆ. ಆ ಕುಂಟಬಿಲ್ಲೆ ಆಡಿಸಲು ಬಿಟ್ಟರೆ ಒಂದೇ ದಿನಕ್ಕೆ ಸ್ನೇಹಿತರು ಸಿಗುತ್ತಾರೆ ಬಿಡಿ.

ಸಾಗರದಕ್ಕ

ಮಾವ ಹೇಳಿದ್ದು, ಅಮ್ಮ ಹೇಳಿದ್ದು, ಯಜಮಾನರು ಹೇಳಿದ್ದು ಎಲ್ಲ ಬರೆದಿದ್ದೀಯ. ನಿನಗೆ ಏನು ಬೇಕು ಅಂತ ಎಲ್ಲಿ ಬರೆದಿದ್ದೀಯ ಮಾರಾಯ್ತಿ?

ನನ್ನ ಕೇಳಿದರೆ, ಹೊಸ ಮನೆಗೆ ಮೊದಲ ಲೋಡು ನಿನ್ನ ಪುಸ್ತಕ ಮತ್ತು ನೀನು. ಬಾಡಿಗೆ ಕೊಟ್ಟ ಖಾಲಿ ಮನೆ ಸುಮ್ನೆ ಯಾಕೆ ಬೀಗ ಹಾಕಿಕೊಂಡು ಇರಬೇಕು? ಟೀವಿ ಇಲ್ಲ, ನೆಂಟರಿಲ್ಲ, ಒರೆಸಲು ಸಾಮಾನಿಲ್ಲ. ಅಷ್ಟು ಒಳ್ಳೆಯ ಓದುವ ಜಾಗ ನಿನಗೆ ಮತ್ತೆ ಸಿಗುವುದಿಲ್ಲ. ವಿಜಯದಶಮಿಗೆ ಹಾಲು ಉಕ್ಕಿಸು, ಮಾವನಿಗೂ ಸಮಾಧಾನ. ಮಕ್ಕಳಿಗೆ ರಜೆ ಇದೆ, ಊರಲ್ಲಿ ಬಿಡು. ಪಾತ್ರೆ, ಮಂಚ, ಬೀರು ಎಲ್ಲ ಆಮೇಲೆ ಬರಲಿ. ಮಂಚ ಇಲ್ಲದೆ ಯಾರೂ ಫೇಲ್ ಆಗಿಲ್ಲ.

ಬುಟ್ಟಿಯ ಎಳೆಗಳನ್ನು ವಿಜಯದಶಮಿಗೆ ಮುಂಚೆಯೇ ಎಳೆದುಕೊಟ್ಟು ಬಾ. ಚುಕ್ಕಿ, ಸಣ್ಣ ಕೆಲಸ ಅತ್ತೆ ಮಾಡಿಕೊಳ್ಳುತ್ತಾರೆ. ಮೊಮ್ಮಗಳಿಗೂ ಕುಂಚ ಕೊಡಲಿ, ಅವಳೂ ಕಲಿಯಬೇಕಲ್ಲ.

ಕೆಸೆಟ್_ಪಾಸು

ಅಕ್ಕನ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಖಾಲಿ ಮನೆಯಲ್ಲಿ ಎರಡು ದಿನ ಓದು ಚೆನ್ನಾಗಿ ಆಗುತ್ತದೆ, ಮೂರನೇ ದಿನ ಗೋಡೆ ನೋಡುತ್ತ ಕೂರುತ್ತೀರಿ. ಆಗ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಅಲ್ಲಿ ಸುತ್ತ ಕೂತು ಓದುವವರನ್ನು ನೋಡಿದರೇ ಓದಬೇಕು ಅನ್ನಿಸುತ್ತದೆ.

ಇನ್ನೊಂದು. ಸಾಹಿತ್ಯದವರು ತಮ್ಮ ವಿಷಯದ ಎರಡನೇ ಪತ್ರಿಕೆಗೇ ಅಂಟಿಕೊಂಡು ಮೊದಲನೆಯದನ್ನು ಬಿಟ್ಟುಬಿಡುತ್ತಾರೆ. ಅದರಲ್ಲಿ 50 ಪ್ರಶ್ನೆ, 100 ಅಂಕ. ಎರಡನೆಯದು 100 ಪ್ರಶ್ನೆ, 200 ಅಂಕ. ಎರಡೂ ಸೇರಿ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಮೊದಲ ಪತ್ರಿಕೆಯ ಅಂಕಿ-ಅಂಶದ ಕೋಷ್ಟಕ, ತರ್ಕ, ಬೋಧನೆ, ಸಂಶೋಧನೆ ಇವಕ್ಕೆಲ್ಲ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದೇ ಮದ್ದು. ಊರಿಗೆ ಹೋಗಿ ಬರುವ ಬಸ್ಸಿನಲ್ಲಿ ಛಂದಸ್ಸು ಹೇಳಿಕೊಳ್ಳಿ, ಕೋಷ್ಟಕಕ್ಕೆ ಮಾತ್ರ ಮೇಜು ಬೇಕು.

ದೀಪಾವಳಿಗೆ ಹೋಗುವಾಗ ಪುಸ್ತಕ ತಗೊಂಡು ಹೋಗಲೇಬೇಡಿ. ಹಬ್ಬದ ಮನೆಯಲ್ಲಿ ಯಾರೂ ಓದಿದ್ದು ನಾನು ಕಂಡಿಲ್ಲ. ಹೊಟ್ಟೆ ತುಂಬ ಉಂಡು ಬನ್ನಿ.

ಹೊಸನಗರದವಳು

ಮೇಷ್ಟ್ರೇ, ಇವತ್ತೇ ಶಾಲೆಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಗುರುವಾರ ಬನ್ನಿ ಅಂದಿದ್ದಾರೆ. ಸ್ಯಾಟ್ಸ್ ಬಿಡುಗಡೆ ಮಾತೂ ಹೇಳಿ ಬಂದೆ.

ಅಕ್ಕಾ, ನಿಮ್ಮ ಮೊದಲ ಸಾಲು ಓದಿ ಇವರಿಗೂ ತೋರಿಸಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ 'ಮೇಜನ್ನೂ ಮೊದಲ ಲೋಡಿಗೇ ಹಾಕೋಣ' ಅಂದರು. ಹಾಗಾಗಿ ವಿಜಯದಶಮಿ ಬೆಳಿಗ್ಗೆ ಮೇಜು, ಪುಸ್ತಕದ ಪೆಟ್ಟಿಗೆ, ಚಾಪೆ, ಇಂಡಕ್ಷನ್ ಒಲೆ, ಹಾಲು ಉಕ್ಕಿಸಲು ಒಂದು ಪಾತ್ರೆ ಅಂತ ನಿಕ್ಕಿ ಆಗಿದೆ. ಹುಣ್ಣಿಮೆ ಹಿಂದಿನ ದಿನ ಊರಿಗೆ ಹೋಗಿ, ಹಬ್ಬ ಮುಗಿಸಿ ಮಕ್ಕಳನ್ನು ಕರೆದುಕೊಂಡು ಶಿವಮೊಗ್ಗಕ್ಕೇ ಬರುತ್ತೇವೆ. ಉಳಿದ ಸಾಮಾನು 12ನೇ ತಾರೀಕು ಭಾನುವಾರ. ಚಿಕ್ಕವನನ್ನು ನೋಡಿಕೊಳ್ಳಲು ಅಮ್ಮ ಪರೀಕ್ಷೆವರೆಗೆ ಬಂದಿರುತ್ತಾಳಂತೆ.

ಅತ್ತೆಗೆ ಮಾತ್ರ ಇನ್ನೂ ಮುಖ ಸರಿ ಇಲ್ಲ. ಸೊಸೆ ಹೊಸ ಮನೆಗೆ ಹೋಗಿ ಒಂದು ಹೊತ್ತು ನೆಟ್ಟಗೆ ಅಡುಗೆ ಮಾಡದೆ ಪುಸ್ತಕ ಹಿಡಿದು ಕೂರುವುದೇ ಅಂತ. ಹೋಗಲಿ, ಬುಟ್ಟಿ ಕೆಮ್ಮಣ್ಣು ಬಳಿಸಿಕೊಂಡು ಒಣಗುತ್ತಿದೆ, ಈ ಭಾನುವಾರ ಎಳೆ ಎಳೆಯಲು ಹೋಗುತ್ತಿದ್ದೇನೆ. ಆಗ ಮಾತಾಡುತ್ತೇನೆ.

ಒಂದು ಡೌಟು. ಗ್ಯಾಸ್ ಮತ್ತು ಕರೆಂಟು ಏನು ಮಾಡಬೇಕು?

ಗೋಪಾಳದವ

ಬೇರೆ ಊರಿಗೆ ಬರುವುದರಿಂದ ಸಿಲಿಂಡರ್, ರೆಗ್ಯುಲೇಟರ್ ಅಲ್ಲಿಯ ಏಜೆನ್ಸಿಗೇ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ವೋಚರ್ ತಗೊಳ್ಳಿ. ಅದನ್ನು ತೋರಿಸಿದರೆ ಇಲ್ಲಿ ಕನೆಕ್ಷನ್ ಕೊಡುತ್ತಾರೆ. 12ರ ಲೋಡಿಗೆ ಹಿಂದಿನ ದಿನ ಮಾಡಿ, ಅಲ್ಲಿಯವರೆಗೆ ಅಲ್ಲಿ ಅಡುಗೆಗೆ ಬೇಕಲ್ವಾ.

ಕರೆಂಟು ಎರಡೂ ಕಡೆ ಮೆಸ್ಕಾಂ. ಗೃಹಜ್ಯೋತಿ ಇದ್ದರೆ ಹಳೇ ಮನೆಯ ಆರ್‌.ಆರ್. ನಂಬರ್‌ನಿಂದ ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿ, ಆಮೇಲೆ ಈ ಮನೆಯದಕ್ಕೆ ಸೇರಿಸಬೇಕು. ಆಧಾರ್ ಯಾರ ಹೆಸರಲ್ಲಿ ಜೋಡಿಸಿದ್ದೀರೋ ಅವರ ಮೊಬೈಲ್‌ಗೆ ಓಟಿಪಿ ಬರುತ್ತದೆ, ಯಜಮಾನರು ಬಸ್ಸಿನಲ್ಲಿ ಇರುವಾಗ ಕೂರಬೇಡಿ. ಅರಸಾಳು ದಾಟಿದರೆ ಕಾಡು, ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ.