ಅಮ್ಮನ ಗ್ರೀನ್ ಕಾರ್ಡಿಗೆ ವಕೀಲರು ಬೇಕೇ? — ಓದುಗರ ಸ್ಪಂದನ

ಕಳೆದ ಬಾರಿಯ ಸಮಸ್ಯೆ: ಅಮೆರಿಕದ ಪೌರತ್ವ ಪಡೆದ ಓದುಗಿಯೊಬ್ಬರ ತಾಯಿ ವಿಸಿಟರ್ ವೀಸಾದಲ್ಲಿ ಮಗಳ ಮನೆಗೆ ಬಂದವರು, ಕಾಯಿಲೆ ಬಿದ್ದು ಅಲ್ಲೇ ಉಳಿದಿದ್ದಾರೆ. ತಂದೆ ತೀರಿಕೊಂಡಿದ್ದಾರೆ. ತಾಯಿಯ ಐ-94 (ಅಮೆರಿಕದಲ್ಲಿ ಎಂದಿನವರೆಗೆ ಇರಬಹುದೆಂದು ತೋರಿಸುವ ಪ್ರವೇಶ ದಾಖಲೆ) ಅವಧಿ ಮುಗಿದು ಎಂಟು ತಿಂಗಳಾಗಿದೆ. ಗ್ರೀನ್ ಕಾರ್ಡಿಗೆ ತಾವೇ ಅರ್ಜಿ ಹಾಕುವುದೋ, ವಕೀಲರನ್ನು ಹಿಡಿಯುವುದೋ ಎಂಬ ಗೊಂದಲ ಮಗಳದು. ‘ಅಮ್ಮನನ್ನು ಊರಿಗೆ ಕಳಿಸಿ ಅಲ್ಲಿಂದಲೇ ಮಾಡಿಸು, ವಕೀಲರಿಗೆ ಯಾಕೆ ದುಡ್ಡು’ ಎನ್ನುತ್ತಿದ್ದಾರೆ ನೆಂಟರು. ತಮ್ಮನನ್ನೂ ಇದೇ ಅರ್ಜಿಯಲ್ಲಿ ಸೇರಿಸಬಹುದೇ ಎಂದೂ ಕೇಳಿದ್ದಾರೆ.

*

ತಂಗೀ, ಮೊದಲು ಒಂದು ಮಾತು: ಅಮ್ಮನಿಗೆ ಟಿಕೆಟ್ ಬುಕ್ ಮಾಡಬೇಡಿ. ಮಾಡಿದ್ದರೆ, ವಕೀಲರನ್ನು ಕಾಣುವವರೆಗೆ ಮುಂದೂಡಿ.

ಇಮಿಗ್ರೇಶನ್ ವಕೀಲರ ಕಚೇರಿಯಲ್ಲಿ ಕಾಗದಪತ್ರ ಜೋಡಿಸುವ ಕೆಲಸ ನನ್ನದು. ನಿಮ್ಮ ನೆಂಟರ ಸಲಹೆಯನ್ನು ಕೇಳಿಸಿಕೊಂಡು ವಿಮಾನ ಹತ್ತಿಸಿದವರು ಆಮೇಲೆ ನಮ್ಮ ಬಾಗಿಲಿಗೆ ಬರುತ್ತಾರೆ. ಆಗ ನಮ್ಮ ಕೈಯಲ್ಲಿ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಕಾನೂನು ಹೀಗಿದೆ: ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು ಉಳಿದು ದೇಶ ಬಿಟ್ಟರೆ ಮೂರು ವರ್ಷ ತಿರುಗಿ ಬರುವಂತಿಲ್ಲ. ಒಂದು ವರ್ಷ ತುಂಬಿದ ಮೇಲೆ ಬಿಟ್ಟರೆ ಹತ್ತು ವರ್ಷ. ಈ ತಡೆ ಬೀಳುವುದು ಉಳಿದುಕೊಂಡಾಗ ಅಲ್ಲ, ಹೊರಟಾಗ. ನಿಮ್ಮ ಅಮ್ಮ ಇಂದು ಹೊರಟರೆ ಅಲ್ಲೇ ಸಿಕ್ಕಿಕೊಳ್ಳುವ ಸಂಭವ ಹೆಚ್ಚು.

ವಿನಾಯಿತಿ ಕೇಳಬಹುದಲ್ಲ ಎನ್ನುತ್ತೀರಿ. ಅದಕ್ಕೂ ಒಂದು ಷರತ್ತಿದೆ, ಬಹಳ ಜನರಿಗೆ ಗೊತ್ತಿಲ್ಲ. ಆಕೆ ಬರದಿದ್ದರೆ ವಿಪರೀತ ಕಷ್ಟ ಆಗುತ್ತದೆ ಎಂದು ತೋರಿಸಬೇಕಾದದ್ದು ಆಕೆಯ ಗಂಡನಿಗೆ ಅಥವಾ ಆಕೆಯ ತಂದೆತಾಯಿಗೆ, ಅವರು ಅಮೆರಿಕದ ಪೌರರೋ ಗ್ರೀನ್ ಕಾರ್ಡುದಾರರೋ ಆಗಿದ್ದರೆ. ಮಕ್ಕಳ ಕಷ್ಟ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಅಪ್ಪ ಇಲ್ಲ. ನೀವು ಎಷ್ಟೇ ಅತ್ತು ಬರೆದರೂ ಆ ಅರ್ಜಿಗೆ ಆಧಾರವೇ ಇರುವುದಿಲ್ಲ.

ಅದೇ ಅಮ್ಮ ಇಲ್ಲೇ ಇದ್ದರೆ ದಾರಿ ಬೇರೆ. 21 ತುಂಬಿದ ಪೌರರ ತಂದೆತಾಯಿ ‘ಇಮ್ಮಿಡಿಯೇಟ್ ರಿಲೇಟಿವ್’, ಅಂದರೆ ಅತಿ ಹತ್ತಿರದ ಸಂಬಂಧಿಗಳ ವರ್ಗಕ್ಕೆ ಸೇರುತ್ತಾರೆ. ಆ ವರ್ಗಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿಲ್ಲ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಮುಂದೆ ನಿಂತು ಕ್ರಮವಾಗಿ ಒಳಬಂದವರಾದರೆ, ಅವಧಿ ಮೀರಿದ್ದರೂ ಐ-130 (ಸಂಬಂಧಿಗಾಗಿ ನೀವು ಹಾಕುವ ಅರ್ಜಿ) ಮತ್ತು ಐ-485 (ಇಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳುವ ಅಮ್ಮನ ಅರ್ಜಿ) ಎರಡನ್ನೂ ಒಟ್ಟಿಗೆ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಹಾಗಂತ ಅದು ಹಕ್ಕಲ್ಲ. ಕೊಡುವುದೂ ಬಿಡುವುದೂ ಅಧಿಕಾರಿಯ ವಿವೇಚನೆ. ವೀಸಾ ಕೇಳುವಾಗ, ಬಂದಿಳಿದಾಗ ಅಮ್ಮ ಏನು ಹೇಳಿದ್ದರು, ‘ತಿರುಗಿ ಹೋಗುತ್ತೇನೆ’ ಎಂದವರು ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆ ಬರಬಹುದು. ಆಸ್ಪತ್ರೆಯ ದಾಖಲೆಗಳು ಇಲ್ಲಿ ಬಹಳ ಮುಖ್ಯ. ಅರ್ಜಿ ತಿರಸ್ಕಾರವಾದರೆ ಇಮಿಗ್ರೇಶನ್ ಕೋರ್ಟಿಗೆ ಕರೆಸುವ ಅಪಾಯವಿದೆ, ಮತ್ತು ಆ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ. ಇಷ್ಟೆಲ್ಲ ಇರುವ ಕೇಸನ್ನು ಒಬ್ಬರೇ ಹೊರಬೇಡಿ.

ವಕೀಲರನ್ನು ಕಾಣುವ ಮುಂಚೆ ಇಂದೇ ಒಂದು ಕೆಲಸ ಮಾಡಿ. ಅಮ್ಮನ ಐ-94 ಅನ್ನು ಸರ್ಕಾರದ ವೆಬ್‌ಸೈಟಿನಿಂದ ಇಳಿಸಿಕೊಂಡು ‘ಅಡ್ಮಿಟ್ ಅಂಟಿಲ್’ ಎದುರಿಗಿರುವ ದಿನಾಂಕ ನೋಡಿ. ಪಾಸ್‌ಪೋರ್ಟಿನಲ್ಲಿರುವ ವೀಸಾ ಹತ್ತು ವರ್ಷದ್ದಿರಬಹುದು, ಅದು ಬರುವುದಕ್ಕೆ. ಇರುವುದಕ್ಕೆ ಲೆಕ್ಕ ಐ-94. ಅವಧಿ ಮುಗಿಯುವ ಮೊದಲೇ ಐ-539 ಹಾಕಿ ಹೆಚ್ಚಿನ ಕಾಲ ಕೇಳಿದ್ದರೆ ಅದರ ರಸೀದಿ ಹುಡುಕಿ. ಆ ಅರ್ಜಿ ಬಾಕಿಯಿದ್ದ ದಿನಗಳು ಸಾಮಾನ್ಯವಾಗಿ 180ರ ಲೆಕ್ಕಕ್ಕೆ ಸೇರುವುದಿಲ್ಲ. ನೀವು ಬರೆದ ಎಂಟು ತಿಂಗಳು ಕಾನೂನಿನ ಲೆಕ್ಕದಲ್ಲಿ ಕಡಿಮೆಯಾದರೂ ಆಗಬಹುದು. ಹಾಗಾದರೆ ಇಡೀ ಚಿತ್ರವೇ ಬದಲು.

— ಓದುಗಿ, ನ್ಯೂಜೆರ್ಸಿ

*

ವಕೀಲರಿಲ್ಲದೆ ಹೆಂಡತಿಯ ಗ್ರೀನ್ ಕಾರ್ಡ್ ಮಾಡಿಸಿದವನು ನಾನು. ಆಗುತ್ತದೆ. ಫಾರ್ಮುಗಳು ಈ ಅರ್ಜಿಗಳನ್ನು ನೋಡುವ ಸರ್ಕಾರಿ ಸಂಸ್ಥೆ ಯುಎಸ್‌ಸಿಐಎಸ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಪ್ರತಿಯೊಂದರ ಜೊತೆಗೂ ಸೂಚನೆಗಳ ಪುಸ್ತಕವಿದೆ. ಅದನ್ನು ಸಾವಧಾನವಾಗಿ ಓದುವ ತಾಳ್ಮೆ ಬೇಕು ಅಷ್ಟೆ. ವಕೀಲರಿದ್ದರೆ ಬೇಗ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸರದಿ ಎಲ್ಲರಿಗೂ ಒಂದೇ.

ಆದರೆ ನನ್ನ ಹೆಂಡತಿ ಊರಿನಲ್ಲಿದ್ದಳು, ಹಿಂದೆಂದೂ ಅವಧಿ ಮೀರಿ ಉಳಿದವಳಲ್ಲ, ವೀಸಾ ತಿರಸ್ಕಾರವಾದವಳಲ್ಲ, ಇಬ್ಬರಿಗೂ ಮೊದಲ ಮದುವೆ. ಮುಂಬೈ ಕಾನ್ಸುಲೇಟಿನ ಸಂದರ್ಶನವೂ ಸಲೀಸಾಗಿ ಮುಗಿಯಿತು. ನಿಮ್ಮದು ಅಂಥ ಕೇಸಲ್ಲ ಅಕ್ಕಾ. ನಿಮ್ಮ ಜಾಗದಲ್ಲಿ ನಾನಿದ್ದರೆ ವಕೀಲರನ್ನು ಹಿಡಿಯುತ್ತಿದ್ದೆ.

ದುಡ್ಡು ಉಳಿಸಬೇಕೆಂದರೆ ಉಳಿಸುವ ಜಾಗ ಬೇರೆ ಇದೆ. ಕನ್ನಡದ ಕಾಗದಪತ್ರಗಳ ಅನುವಾದಕ್ಕೆ ಏಜೆನ್ಸಿಗೇ ಹೋಗಬೇಕಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲವರು ಪೂರ್ತಿ ಅನುವಾದ ಮಾಡಿ, ‘ಇದು ಸರಿಯಾಗಿದೆ, ಅನುವಾದಿಸುವ ಯೋಗ್ಯತೆ ನನಗಿದೆ’ ಎಂದು ಬರೆದು ಸಹಿ ಹಾಕಿದರೆ ಸಾಕು. ನೀವೇ ಮಾಡುವುದಕ್ಕಿಂತ ಪರಿಚಯದ ಕನ್ನಡಿಗರಿಂದ ಮಾಡಿಸುವುದು ಮೇಲು. ಐ-864, ಅಂದರೆ ಅಮ್ಮನ ಖರ್ಚಿಗೆ ನಾನು ಹೊಣೆ ಎಂಬ ಮುಚ್ಚಳಿಕೆ, ಅದಕ್ಕೆ ಬೇಕಾದ ಟ್ಯಾಕ್ಸ್ ರಿಟರ್ನು, ಸಂಬಳದ ಚೀಟಿಗಳನ್ನು ನೀವೇ ಜೋಡಿಸಿಟ್ಟುಕೊಳ್ಳಿ. ನಿಮ್ಮ ಆದಾಯ, ಅಮ್ಮನನ್ನೂ ಮನೆಮಂದಿಯ ಲೆಕ್ಕಕ್ಕೆ ಹಿಡಿದು, ಸರ್ಕಾರ ಹೇಳುವ ಬಡತನದ ಮಟ್ಟದ 125 ಶೇಕಡಾ ಆದರೂ ಇರಬೇಕು. ಮೆಡಿಕಲ್ ತಪಾಸಣೆಯ ಐ-693 ಅನ್ನು 2024ರ ಡಿಸೆಂಬರಿನಿಂದ ಐ-485 ಜೊತೆಗೇ ಕೊಡಬೇಕು, ಆಮೇಲೆ ಕೊಡುತ್ತೇನೆ ಎಂದರೆ ಅರ್ಜಿಯೇ ವಾಪಸಾಗಬಹುದು.

— ಓದುಗ, ಡಲ್ಲಾಸ್

*

ನಿಮ್ಮ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಏನಿದೆ, ಅಮ್ಮನ ಪಾಸ್‌ಪೋರ್ಟಿನಲ್ಲಿ ಏನಿದೆ ಎಂದು ಪಕ್ಕಪಕ್ಕ ಇಟ್ಟು ನೋಡಿದ್ದೀರಾ? ನಮ್ಮ ಕಡೆ ಮದುವೆಯಲ್ಲಿ ಹೆಸರು ಬದಲಿಸುವವರಿದ್ದಾರೆ. ಶಾಲೆಯಲ್ಲಿ ‘ಗೌರಿ’, ಆಸ್ಪತ್ರೆಯಲ್ಲಿ ‘ಗೌರಮ್ಮ’, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿ ಮೂರನೆಯದೊಂದು. ಅಮೆರಿಕದ ಅಧಿಕಾರಿಗೆ ಇವು ಮೂರು ಜನ. ಅಮ್ಮ-ಮಗಳು ಎಂಬುದಕ್ಕೆ ನಿಮ್ಮ ಜನನ ಪ್ರಮಾಣಪತ್ರವೇ ಮುಖ್ಯ ಸಾಕ್ಷಿಯಾದ್ದರಿಂದ ಇದನ್ನು ಅರ್ಜಿ ಹಾಕುವ ಮೊದಲೇ ಸರಿಮಾಡಿ. ಅಮ್ಮನ ಜನನ ನೋಂದಣಿಯೇ ಆಗಿರದಿದ್ದರೆ ಸ್ಥಳೀಯ ಕಚೇರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆದು, ಶಾಲೆಯ ದಾಖಲೆ, ಆಗಿನ ಸಂಗತಿ ಬಲ್ಲ ಹಿರಿಯರ ಅಫಿಡವಿಟ್ ಜೊತೆಗಿಡಿ. ಊರಿನಲ್ಲಿ ಓಡಾಡುವ ಈ ಕೆಲಸವನ್ನು ಯಾವ ವಕೀಲರೂ ಮಾಡಿಕೊಡುವುದಿಲ್ಲ. ನಿಮ್ಮ ತಮ್ಮ ಈಗಲೇ ಶುರು ಮಾಡಲಿ.

— ಓದುಗಿ, ಬೆಂಗಳೂರು

*

ವಕೀಲರು ಬೇಕು ಎಂಬುದು ಸರಿ, ಆದರೆ ಯಾರು? ನನ್ನ ಬಂಧುವೊಬ್ಬರು ‘ಇಮಿಗ್ರೇಶನ್ ಕನ್ಸಲ್ಟೆಂಟ್’ ಎಂದು ಬೋರ್ಡು ಹಾಕಿಕೊಂಡವರ ಹತ್ತಿರ ಹೋದರು. ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡರು, ಅದರಲ್ಲಿ ಏನು ತುಂಬಿದರೆಂದು ನನ್ನ ಬಂಧುವಿಗೆ ತಿಳಿದದ್ದು ಸರ್ಕಾರದಿಂದ ನೋಟಿಸು ಬಂದ ಮೇಲೆ. ಸಹಿ ಅವರದಾದ್ದರಿಂದ ಉತ್ತರ ಹೇಳಬೇಕಾದವರೂ ಅವರೇ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ನಮ್ಮಲ್ಲಿ ನೋಟರಿ ಎಂದರೆ ಸಾಮಾನ್ಯವಾಗಿ ವಕೀಲರು. ಅಮೆರಿಕದಲ್ಲಿ ಹಾಗಲ್ಲ, ಸಹಿಗೆ ಸಾಕ್ಷಿ ನಿಲ್ಲುವವರಷ್ಟೇ. ಕಾನೂನು ಸಲಹೆ ಕೊಡುವ ಅಧಿಕಾರ ಅವರಿಗಿಲ್ಲ. ವಕೀಲರ ಹೆಸರನ್ನು ಆಯಾ ರಾಜ್ಯದ ಬಾರ್, ಅಂದರೆ ವಕೀಲರ ಸಂಸ್ಥೆಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ, ಶಿಸ್ತುಕ್ರಮ ಆಗಿದ್ದರೆ ಬಹುತೇಕ ಕಡೆ ಅಲ್ಲೇ ಗೊತ್ತಾಗುತ್ತದೆ. ಇಮಿಗ್ರೇಶನ್ ಎನ್ನುವುದು ಕೇಂದ್ರ ಸರ್ಕಾರದ ಕಾನೂನಾದ್ದರಿಂದ ವಕೀಲರು ನಿಮ್ಮ ರಾಜ್ಯದವರೇ ಆಗಬೇಕೆಂದಿಲ್ಲ. ಕೇಸು ವಹಿಸಿಕೊಂಡವರು, ನಿಮ್ಮ ಪರ ವಕೀಲ ನಾನು ಎಂದು ತಿಳಿಸುವ ಜಿ-28 ಎಂಬ ಫಾರ್ಮಿಗೆ ಸಹಿ ಹಾಕಿ ಸಲ್ಲಿಸುತ್ತಾರೆ. ‘ಅದೆಲ್ಲ ಬೇಡ, ನಿಮ್ಮ ಹೆಸರಲ್ಲೇ ಕಳಿಸೋಣ’ ಎಂದರೆ ಎದ್ದು ಬನ್ನಿ.

ಪೂರ್ತಿ ಫೀಸು ಕೈಗೆಟುಕದಿದ್ದರೆ ಎರಡು ದಾರಿ. ಒಂದು ಬಾರಿಯ ಸಲಹೆಗೆ ಮಾತ್ರ ದುಡ್ಡು ಕೊಟ್ಟು ದಾಖಲೆಗಳನ್ನೆಲ್ಲ ಮುಂದಿಟ್ಟು ಕೇಳಿ. ಇಲ್ಲವೇ ನ್ಯಾಯ ಇಲಾಖೆ ಮಾನ್ಯ ಮಾಡಿದ ಸೇವಾಸಂಸ್ಥೆಗಳಲ್ಲಿ ‘ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್’ ಇರುತ್ತಾರೆ. ವಕೀಲರಲ್ಲದಿದ್ದರೂ ಈ ಕೆಲಸಕ್ಕೆ ಅಧಿಕೃತರು, ಫೀಸು ಕಡಿಮೆ ಅಥವಾ ಇಲ್ಲವೇ ಇಲ್ಲ. ಅವರ ಪಟ್ಟಿ ಇಲಾಖೆಯ ವೆಬ್‌ಸೈಟಿನಲ್ಲಿದೆ.

— ಓದುಗಿ, ಕ್ಯಾಲಿಫೋರ್ನಿಯಾ

*

ತಮ್ಮನ ವಿಷಯ ಯಾರೂ ಹೇಳಲಿಲ್ಲ. ಅಮ್ಮನ ಅರ್ಜಿಯಲ್ಲಿ ಅವರನ್ನು ಸೇರಿಸಲು ಬರುವುದಿಲ್ಲ. ಅಕ್ಕನಾಗಿ ನೀವು ಬೇರೆಯೇ ಐ-130 ಹಾಕಬಹುದು. ಅದು ಎಫ್-4 ವರ್ಗ, ಭಾರತದವರಿಗೆ ಹದಿನೈದು ವರ್ಷಕ್ಕೂ ಮೀರಿದ ಕಾಯುವಿಕೆ. ಅಮ್ಮನಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ಅವರೂ ಮಗನಿಗೆ ಅರ್ಜಿ ಹಾಕಬಹುದು, ಆದರೆ ಮದುವೆಯಾಗಿರದಿದ್ದರೆ ಮಾತ್ರ. ಅಮ್ಮ ಪೌರತ್ವ ಪಡೆಯುವ ಮೊದಲೇ ಮಗನ ಮದುವೆಯಾದರೆ ಆ ಅರ್ಜಿ ಬಿದ್ದುಹೋಗುತ್ತದೆ. ನಿಮ್ಮ ಎಫ್-4ಕ್ಕೆ ಆ ತೊಂದರೆಯಿಲ್ಲ. ಸರದಿಯ ದಿನಾಂಕ ಅರ್ಜಿ ಹಾಕಿದ ದಿನದಿಂದ ಎಣಿಕೆಯಾಗುವುದರಿಂದ ತಡಮಾಡದೆ ಹಾಕಿ, ಇದಕ್ಕೆ ವಕೀಲರೇ ಬೇಕೆಂದಿಲ್ಲ. ಮುಂದೆ ಅಮ್ಮನನ್ನು ನೋಡಲು ನಿಮ್ಮ ತಮ್ಮ ವಿಸಿಟರ್ ವೀಸಾ ಕೇಳಿದಾಗ ‘ನಿಮಗಾಗಿ ಯಾರಾದರೂ ಇಮಿಗ್ರಂಟ್ ಅರ್ಜಿ ಹಾಕಿದ್ದಾರೆಯೇ’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ‘ಹೌದು’ ಎಂದೇ ಬರೆಯಬೇಕು, ಅದರಿಂದ ವೀಸಾ ಸಿಗುವುದು ಕಷ್ಟವಾಗಬಹುದು. ಅರ್ಜಿ ಹಾಕುವ ಮುಂಚೆ ತಮ್ಮನ ಜೊತೆ ಕೂತು ಇದನ್ನು ಮಾತಾಡಿಕೊಳ್ಳಿ.

— ಓದುಗ, ಶಿಕಾಗೊ