ಫಿಲಡೆಲ್ಫಿಯಾದಲ್ಲಿ ಒಂದೇ ದಿನ: ಅಪ್ಪಂಗೆ ಹಳೇ ಹಡಗು ತೋರ್ಸ್ಬೇಕು, ಯಾವ್ದು ನೋಡೋದು ಯಾವ್ದು ಬಿಡೋದು?

ಮಂಡ್ಯದ_ಮಗಳು:
ಎಲ್ರಿಗೂ ನಮಸ್ಕಾರ. ಬೇಸಿಗೇಲಿ ಅಪ್ಪ ಅಮ್ಮನ್ನ ಕರ್ಕೊಂಡು ನ್ಯೂಜೆರ್ಸೀಲಿರೋ ಅಣ್ಣನ ಮನೆಗೆ ಹೋಗ್ತಿದೀವಿ, ಫಿಲಡೆಲ್ಫಿಯಾಗೆ ಸಿಗೋದು ಒಂದೇ ದಿನ. ಅಪ್ಪ ಇಲ್ಲಿ ಸಕ್ಕರೆ ಫ್ಯಾಕ್ಟರಿ ಬಾಯ್ಲರ್ ಸೆಕ್ಷನ್ನಲ್ಲಿದ್ದು ರಿಟೈರ್ ಆದವ್ರು, ಲಿಬರ್ಟಿ ಬೆಲ್ ಅನ್ನೋ ಹಳೇ ಗಂಟೆ ಗಿಂಟೆ ಎಲ್ಲ ನೀವೇ ನೋಡ್ಕಳಿ ನಂಗೆ ಹಡಗು ತೋರ್ಸಿ ಸಾಕು ಅಂತ ಒಂದೇ ಹಟ. ಮಂಡಿನೋವು ಬೇರೆ. ಒಲಿಂಪಿಯಾ ಅನ್ನೋ ಹಳೇ ಯುದ್ಧನೌಕೆ, ಸಬ್‌ಮರೀನು, ನ್ಯೂಜೆರ್ಸಿ ಯುದ್ಧನೌಕೆ ಮೂರೂ ಆಗುತ್ತಾ? ಯೂಟ್ಯೂಬಲ್ಲಿ ಕೆಂಪು ಚಿಮಣಿ ಇರೋ ದೊಡ್ಡ ಪ್ಯಾಸೆಂಜರ್ ಹಡಗೂ ನೋಡ್ಬಿಟ್ಟಿದಾರೆ.

ಒಂಟಿಕೊಪ್ಪಲ್_ಹುಡ್ಗ:
ಮೇಡಂ ನಿಮ್ಮ ತಂದೇರಿಗೆ ಒಲಿಂಪಿಯಾನೇ ಸರಿ, ಕಣ್ಮುಚ್ಕೊಂಡು ಅಲ್ಲಿಗೇ ಕರ್ಕೊಂಡೋಗಿ. 1892ರಲ್ಲಿ ನೀರಿಗಿಳಿದ ಉಕ್ಕಿನ ಹಡಗು, ಇವತ್ತಿಗೂ ಡೆಲವೇರ್ ನದೀಲಿ ತೇಲ್ತಾ ನಿಂತಿದೆ. 1898ರಲ್ಲಿ ಮನಿಲಾ ಕೊಲ್ಲೀಲಿ ಸ್ಪೇನಿನ ನೌಕಾಪಡೇನ ಸೋಲಿಸ್ದಾಗ ಅಮೆರಿಕದ ನೌಕಾಪಡೆ ನಾಯಕ ಡ್ಯೂಯಿ ನಿಂತಿದ್ದು ಇದ್ರ ಮೇಲೇನೆ, ಅವ್ನು ನಿಂತಿದ್ದ ಜಾಗಕ್ಕೆ ಹೆಜ್ಜೆ ಗುರುತು ಕೂಡ ಹಾಕಿದಾರೆ. ಆದ್ರೆ ಮಜಾ ಇರೋದು ಕೆಳಗೆ. ಇಂಜಿನ್ ರೂಮಲ್ಲಿ ಟ್ರಿಪಲ್ ಎಕ್ಸ್‌ಪಾನ್ಷನ್ ಸ್ಟೀಮ್ ಇಂಜಿನ್ನು, ಬಾಯ್ಲರಿಂದ ಬಂದ ಸ್ಟೀಮು ಮೊದ್ಲು ಸಣ್ಣ ಸಿಲಿಂಡರು, ಅಲ್ಲಿಂದ ಒತ್ತಡ ಇಳಿದಿದ್ದು ಅದಕ್ಕಿಂತ ದೊಡ್ಡದಕ್ಕೆ, ಆಮೇಲೆ ಇನ್ನೂ ದೊಡ್ಡದಕ್ಕೆ, ಒಂದೇ ಸ್ಟೀಮಲ್ಲಿ ಮೂರು ಸಲ ಕೆಲ್ಸ ತೆಗೀತಾರೆ. ಫ್ಯಾಕ್ಟ್ರೀಲಿ ಟರ್ಬೈನ್ ತಿರುಗ್ಸಿದ ಸ್ಟೀಮನ್ನೇ ಕಬ್ಬಿನಹಾಲು ಕುದಿಸೋಕೆ ಬಿಡೋರು ಇದನ್ನ ನೋಡಿದ್ರೆ ಅಲ್ಲೇ ಕೂತ್ಬಿಡ್ತಾರೆ! ಏಣಿ ಮೆಟ್ಲು ಕಡಿದಾಗಿದೆ, ಹಿಮ್ಮುಖವಾಗಿ ಕಂಬಿ ಹಿಡ್ಕೊಂಡು ಇಳೀಲಿ. ಪಕ್ಕದಲ್ಲೇ ಇರೋ ಬಿಕೂನಾ ಸಬ್‌ಮರೀನ್ ಬಿಟ್ಬಿಡಿ, ಪ್ರತಿ ಬಾಗಿಲಲ್ಲೂ ಬಗ್ಗಿ ಕಾಲೆತ್ತಿ ದಾಟ್ಬೇಕು, ಮಂಡಿಗೆ ಆಗಲ್ಲ.

ಕೆಆರ್‌ಎಸ್_ರೋಡ್:
ಕೆಂಪು ಚಿಮಣಿದು ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್. 1952ರಲ್ಲಿ ಮೂರೂವರೆ ದಿನದೊಳಗೆ ಅಟ್ಲಾಂಟಿಕ್ ದಾಟಿ ರೆಕಾರ್ಡ್ ಮಾಡಿತ್ತು, 1996ರಿಂದ ಫಿಲಡೆಲ್ಫಿಯಾದಲ್ಲೇ ತುಕ್ಕು ಹಿಡೀತಾ ನಿಂತಿತ್ತು. 2025ರ ಫೆಬ್ರವರೀಲಿ ಎಳ್ಕೊಂಡೋದ್ರು, ಫ್ಲೋರಿಡಾ ಹತ್ರ ಮೀನುಗಳಿಗೆ ಆಸರೆ ಆಗ್ಲಿ ಅಂತ ಮುಳುಗ್ಸೋ ಪ್ಲ್ಯಾನು. ಹೊಟ್ಟೆ ಉರಿಯುತ್ತೆ ಕಣ್ರೀ. ನ್ಯೂಜೆರ್ಸಿ ನೌಕೆ ಎದುರು ದಡ ಕ್ಯಾಮ್ಡನ್‌ನಲ್ಲಿದೆ, 887 ಅಡಿ ಉದ್ದ, ಅದಕ್ಕೇ ಅರ್ಧ ದಿನ ಬೇಕು, ಈ ಕಡೆ ದಡದಿಂದ್ಲೇ ನೋಡ್ಕಳಿ. 1926ರ ಬೆನ್ ಫ್ರಾಂಕ್ಲಿನ್ ಸೇತುವೆನೂ ಅಲ್ಲಿಂದ್ಲೇ ಕಾಣುತ್ತೆ.

ಶುಂಠಿ_ಕಾಫಿ:
ಬರೀ ಹಡಗು ಹಡಗು ಅಂತೀರಲ್ಲ, ಅಮ್ಮನೂ ಬರ್ತಿದಾರೆ ತಾನೆ? ಬೆಳಗ್ಗೆನೇ ಲಿಬರ್ಟಿ ಬೆಲ್ ಮುಗ್ಸಿ, ಟಿಕೆಟ್ ಇಲ್ಲ. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಆದ ಇಂಡಿಪೆಂಡೆನ್ಸ್ ಹಾಲ್ ಎದುರಿಗೇ ಇದೆ, ಅಲ್ಲಿಂದ ನದಿಗೆ ನಡ್ಕೊಂಡೇ ಹೋಗ್ಬೋದು, ಮಂಡಿ ನೋವಾದ್ರೆ ಕ್ಯಾಬ್. ನದೀಲಿ ಮೊಶುಲು ಅಂತ 1904ರ ನಾಕು ಕಂಬದ ಹಾಯಿಹಡಗಿದೆ, ಆಸ್ಟ್ರೇಲಿಯಾದಿಂದ ಗೋಧಿ ಹೊತ್ತಿದ್ದು ಈಗ ಹೋಟ್ಲು, ದುಬಾರಿ. ಹೊರಗಿಂದ ಫೋಟೋ ತೆಕ್ಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿ.

ಮಂಡ್ಯದ_ಮಗಳು:
ಎಲ್ರಿಗೂ ಥ್ಯಾಂಕ್ಸ್. ಬೆಲ್, ಆಮೇಲೆ ಒಲಿಂಪಿಯಾ, ಅಷ್ಟೇ ಫೈನಲ್. ಅಪ್ಪಂಗೆ ಓದಿ ಹೇಳ್ದೆ, ದೊಡ್ಡ ಸಿಲಿಂಡರ್ ಎಷ್ಟು ಇಂಚು ಕೇಳು ಅಂತ ಕೂತಿದಾರೆ.

ಒಂಟಿಕೊಪ್ಪಲ್_ಹುಡ್ಗ:
ಟೇಪ್ ತಗೊಂಡೋಗೋಕೆ ಹೇಳಿ ಮೇಡಂ 😄