‘ಕ್ಲಚ್ ಹಿಡಿದ್ರೆ ಸದ್ದು ಬರುತ್ತೆ’: ಯಾರು ಹಿಡಿದ್ರೆ?

ಎಲ್ರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳೋದಿತ್ತು. ಪದ ಚಿಕ್ಕದೇ, ‘ಹಿಡಿ’. ಆದ್ರೆ ಆ ಒಂದು ಪದದಿಂದ ನಮ್ಮನೇಲಿ ಒಂದೂವರೆ ದಿನ ಟ್ರ್ಯಾಕ್ಟರ್ ನಿಂತೋಯ್ತು, ಅದೂ ನಾಲೆಗೆ ನೀರು ಬಿಟ್ಟು ಎಲ್ರೂ ಗದ್ದೆ ಉಳೋ ಹೊತ್ತಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಓದಿ.

ನಮ್ದು ಮಂಡ್ಯ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. 35 ಎಚ್‌ಪಿದು ಒಂದು ಹಳೇ ಟ್ರ್ಯಾಕ್ಟರ್ ಇದೆ, ಅಪ್ಪನೇ ಓಡಿಸೋದು. ಕೆಸರಲ್ಲಿ ಹೂತೋಗ್ದಂಗೆ ಹಾಕೋ ಕಬ್ಬಿಣದ ಕೇಜ್ ವೀಲ್ ಹಾಕಿ ಕೆಸರು ಗದ್ದೆ ಹೊಡೀತಿದ್ದಾಗ ಸದ್ದು ಶುರುವಾಯ್ತು. ಅಪ್ಪ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದ್ದು ಇಷ್ಟು: “ಕ್ಲಚ್ ಹಿಡುದ್ರೆ ಗುಂಯ್ ಅಂತದೆ ಕಣಪ್ಪ, ಬುಟ್ರೆ ನಿಂತೋಯ್ತದೆ.” ಆ ಕಡೆಯಿಂದ “ಹಂಗಾರೆ ಗೇರ್ ಬಾಕ್ಸ್ ಶಾಫ್ಟ್ ಬೇರಿಂಗು ಗೌಡ್ರೆ, ಹುಡುಗನ್ನ ಕಳುಸ್ತೀನಿ” ಅಂದ. ಹುಡುಗ ಬಂದ, ಹೇಳಿಸ್ಕೊಂಡು ಬಂದಿದ್ದನ್ನೇ ಮಾಡ್ದ, ಗೇರ್ ಆಯಿಲ್ ಪೂರ್ತಿ ಇಳಿಸಿ ಮೇಲಿನ ಮುಚ್ಚಳ ಬಿಚ್ಚಿ ಕೂತ್ಕೊಂಡ. ಸಂಜೆ ಮೆಕ್ಯಾನಿಕ್ಕೇ ಬಂದು ನೋಡಿದ್ರೆ ಶಾಫ್ಟು ಗಟ್ಟಿಯಾಗಿದೆ, ಹಲ್ಲು ಸರಿಯಾಗಿದೆ, ಎಲ್ಲೂ ಆಡ್ತಿಲ್ಲ. ಮಾರನೇ ದಿನ ಮತ್ತೆ ಮುಚ್ಚಿ, ಆಯಿಲ್ ತುಂಬಿ, ಸ್ಟಾರ್ಟ್ ಮಾಡಿ, ಅಪ್ಪ ಪೆಡಲ್ ಮೇಲೆ ಕಾಲಿಟ್ಟು ತುಳಿದ್ರು ನೋಡಿ, ಆಗ ಗುಂಯ್ ಅಂತು. ಮೆಕ್ಯಾನಿಕ್ ಒಂದ್ ನಿಮಿಷ ಸುಮ್ನೆ ನಿಂತಿದ್ದು “ನೀವು ಹಿಡುದ್ರೆ ಅಂದಿದ್ದು ತುಳುದ್ರೆ ಅಂತಲಾ ಗೌಡ್ರೆ” ಅಂದ.

ಹೌದು, ಅಪ್ಪ ಹೇಳಿದ್ದು ತುಳಿದ್ರೆ ಅಂತ್ಲೇ. ಮೆಕ್ಯಾನಿಕ್ ತಿಳ್ಕೊಂಡಿದ್ದು ಪ್ಲೇಟ್ ಹಿಡಿದ್ರೆ ಅಂತ. ಇವೆರಡೂ ಪೂರ್ತಿ ಉಲ್ಟಾ.

ಟ್ರ್ಯಾಕ್ಟರ್ ಮುಟ್ಟದವ್ರಿಗೆ ಚೂರು ಹೇಳ್ಬಿಡ್ತೀನಿ. ಎಂಜಿನ್ ಹಿಂದೆ ಅದ್ರ ಜೊತೆಗೇ ತಿರುಗೋ ಭಾರದ ಚಕ್ರ ಫ್ಲೈವೀಲು, ಅದಕ್ಕೆ ಅಂಟಿಕೊಂಡಂಗೆ ಕ್ಲಚ್ ಪ್ಲೇಟು, ಅದನ್ನ ಸ್ಪ್ರಿಂಗ್‌ಗಳ ಬಲದಿಂದ ಒತ್ತಿ ಹಿಡಿಯೋ ಪ್ರೆಶರ್ ಪ್ಲೇಟು. ಕಾಲು ಮೇಲಿದ್ರೆ ಪ್ಲೇಟ್ ಹಿಡ್ದಿರುತ್ತೆ, ಎಂಜಿನ್ ತಿರುಗಿದಂಗೆ ಗೇರ್ ಬಾಕ್ಸ್ ಶಾಫ್ಟೂ ತಿರುಗುತ್ತೆ. ಪೆಡಲ್ ತುಳಿದ್ರೆ ರಿಲೀಸ್ ಬೇರಿಂಗ್ ಮುಂದಕ್ಕೆ ಹೋಗಿ ಒತ್ತುತ್ತೆ, ಪ್ಲೇಟ್ ಬಿಡುತ್ತೆ, ಗೇರ್ ಬಾಕ್ಸ್ ಶಾಫ್ಟ್ ನಿಲ್ಲುತ್ತೆ. ಅಂದ್ರೆ ಡ್ರೈವರ್ ಕಾಲು ‘ಹಿಡಿದಾಗ’ ಪ್ಲೇಟ್ ‘ಬಿಡುತ್ತೆ’, ಡ್ರೈವರ್ ‘ಬಿಟ್ಟಾಗ’ ಪ್ಲೇಟ್ ‘ಹಿಡಿಯುತ್ತೆ’.

ರಿಪೇರಿಗೆ ಇದು ಯಾಕೆ ಅಷ್ಟು ಮುಖ್ಯ ಅಂದ್ರೆ, ಹಳೇ ಟ್ರ್ಯಾಕ್ಟರಲ್ಲಿ ಏನೂ ಬಿಚ್ಚದೆ ಮಾಡೋ ಮೊದಲ ಪರೀಕ್ಷೆನೇ ಇದು. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಂಜಿನ್ ಸ್ಲೋ ಇಟ್ಟು ಕೇಳ್ಬೇಕು. ತುಳಿದಾಗ ಮಾತ್ರ ಸದ್ದು ಬಂದ್ರೆ ರಿಲೀಸ್ ಬೇರಿಂಗು, ಇಲ್ಲಾ ಫ್ಲೈವೀಲ್ ನಡುವಿರೋ ಸಣ್ಣ ಪೈಲಟ್ ಬೇರಿಂಗು. ಕಾಲು ತೆಗೆದಾಗ ಸದ್ದಿದ್ದು, ತುಳಿದ ತಕ್ಷಣ ನಿಂತ್ರೆ ಗೇರ್ ಬಾಕ್ಸ್ ಒಳಗಿನ ಶಾಫ್ಟ್ ಬೇರಿಂಗು. ಮೊದಲನೇದಕ್ಕೆ ಎಂಜಿನ್ನೂ ಗೇರ್ ಬಾಕ್ಸೂ ಬೇರೆ ಮಾಡಿ ನಡುವೆ ಕೈ ಹಾಕ್ಬೇಕು, ಎರಡನೇದಕ್ಕೆ ಗೇರ್ ಬಾಕ್ಸನ್ನೇ ಬಿಚ್ಚಬೇಕು. ಒಂದೇ ವಾಕ್ಯ ಎರಡು ಬೇರೆ ಬೇರೆ ಜಾಗಕ್ಕೆ ಕರ್ಕೊಂಡು ಹೋಗುತ್ತೆ. ಮೆಕ್ಯಾನಿಕ್ ತಪ್ಪಿಲ್ಲ, ಅಪ್ಪನ ತಪ್ಪೂ ಇಲ್ಲ, ಇಬ್ರೂ ಅವರವರ ಕನ್ನಡ ಸರಿಯಾಗೇ ಆಡಿದ್ದಾರೆ.

ನನಗೆ ಇಲ್ಲಿ ಕಾಡ್ತಿರೋದು ವ್ಯಾಕರಣ. “ಕ್ಲಚ್ ಹಿಡೀತೀನಿ” ಅಂದ್ರೆ ಗೊಂದಲ ಇಲ್ಲ, ಹಿಡಿಯೋನು ನಾನು. “ಕ್ಲಚ್ ಹಿಡಿಯುತ್ತೆ” ಅಂದ್ರೂ ಇಲ್ಲ, ಹಿಡಿಯೋದು ಕ್ಲಚ್ಚು. ಕ್ರಿಯಾಪದದ ಬಾಲ ನೋಡಿದ್ರೆ ಗೊತ್ತಾಗ್ಬಿಡುತ್ತೆ. ಆದ್ರೆ ‘ಹಿಡಿದ್ರೆ’, ‘ಹಿಡಿದಾಗ’ ಇವಕ್ಕೆ ಆ ಬಾಲಾನೇ ಇಲ್ಲ, ನಾನು ನೀನು ಅದು ಎಲ್ಲಕ್ಕೂ ಒಂದೇ ರೂಪ. ಮೇಲಿಂದ ಜೀವ ಇಲ್ಲದ ವಸ್ತುಗಳಿಗೆ ನಾವು ಮಾತಲ್ಲಿ ‘ಅನ್ನು’ ಹಾಕೋದು ಕಮ್ಮಿ, “ಬಾಗಿಲು ಹಾಕು”, “ನೀರು ಕುಡಿ” ಅಂತೀವಿ, ಹಂಗೇ “ಕ್ಲಚ್ ಹಿಡಿ”. “ಕ್ಲಚ್ಚನ್ನ ಹಿಡಿದ್ರೆ” ಅಂತ ಯಾರಾದ್ರೂ ಅಂದಿದ್ರೆ ಅವತ್ತು ಆಯಿಲ್ ಇಳಿಸೋ ಕೆಲಸ ಇರ್ತಿರ್ಲಿಲ್ಲ. “ಕೋಳಿ ತಿಂದ್ರೆ” ಅಂದಾಗ್ಲೂ ಇದೇ ಕಥೆ ತಾನೆ, ಕೋಳಿ ಏನನ್ನಾದ್ರೂ ತಿಂದ್ರೋ ಅಥವಾ ನಾವು ಕೋಳಿ ತಿಂದ್ರೋ. ಅಲ್ಲಿ ಮುಂದಿನ ಮಾತು ಕೇಳಿದ್ರೆ ಬಿಡಿಸ್ಕೋಬಹುದು, ಊಟದ ಮಾತೋ ಹಿತ್ತಲ ಮಾತೋ ಅಂತ. ಇಲ್ಲಿ ಹಂಗಾಗಲ್ಲ, ಯಾಕಂದ್ರೆ ‘ಬಿಟ್ರೆ’ ಅನ್ನೋದೂ ಅದೇ ಥರ ಉಲ್ಟಾ ಆಗುತ್ತೆ. ಅಪ್ಪ ಎರಡು ಕಡೆನೂ ವಿವರವಾಗಿ ಹೇಳಿದ್ರೂ ಮೆಕ್ಯಾನಿಕ್‌ಗೆ ಹೊಸದಾಗಿ ಏನೂ ಗೊತ್ತಾಗ್ಲಿಲ್ಲ, ತಪ್ಪು ಅರ್ಥಾನೇ ಇನ್ನೂ ಗಟ್ಟಿಯಾಯ್ತು.

ಇನ್ನೊಂದು ‘ಹಿಡಿ’ನೂ ಇದೆ. ಮಳೆಗಾಲ ಪೂರ್ತಿ ಶೆಡ್ಡಲ್ಲಿ ನಿಂತ ಗಾಡಿ ಸ್ಟಾರ್ಟ್ ಮಾಡಿದ್ರೆ ಕೆಲವು ಸಲ ಪೆಡಲ್ ಎಷ್ಟು ತುಳಿದ್ರೂ ಗೇರ್ ಬೀಳಲ್ಲ, ಪ್ಲೇಟಿಗೆ ತುಕ್ಕು ಬಂದು ಫ್ಲೈವೀಲಿಗೆ ಅಂಟಿಕೊಂಡಿರುತ್ತೆ. ಅದಕ್ಕೆ “ಕ್ಲಚ್ ಹಿಡ್ಕೊಂಡಿದೆ” ಅಂತಾರೆ. ಎಂಜಿನ್ ಜಾಮ್ ಆದ್ರೂ “ಹಿಡ್ಕೊಂಡಿದೆ” ಅಂತ್ಲೇ. ಆದ್ರೆ ಇಲ್ಲಿ ‘ಕೊಂಡು’ ಸೇರಿರೋದ್ರಿಂದ ಗೊಂದಲ ಆಗೋದಿಲ್ಲ, ತಾನೇ ಹಿಡಿದು ಬಿಡದೇ ಇರೋದು ಅಂತ ಕೇಳಿದ ತಕ್ಷಣ ಹೊಳೆಯುತ್ತೆ. ಕನ್ನಡದ ಈ ‘ಕೊಳ್ಳು’ ಎಷ್ಟು ಕೆಲಸ ಮಾಡುತ್ತೆ ಅಂತ ನನಗೆ ಅವತ್ತೇ ಸರಿಯಾಗಿ ಅರ್ಥ ಆಗಿದ್ದು.

ಇಲ್ಲ ಅಂತ ಹೇಳೋವಾಗ್ಲೂ ತೊಂದ್ರೆ ಇಲ್ಲ. “ಕ್ಲಚ್ ಹಿಡೀತಿಲ್ಲ” ಅಂದ್ರೆ ಎಲ್ಲಾ ಕಡೆ ಒಂದೇ ಅರ್ಥ, ಲೋಡ್ ಮೇಲೆ ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ, ಸುಟ್ಟ ವಾಸನೆ ಬರುತ್ತೆ. “ಕ್ಲಚ್ ಬಿಡ್ತಿಲ್ಲ” ಅಂದ್ರೆ ತುಳಿದ್ರೂ ಶಾಫ್ಟ್ ತಿರುಗ್ತಾನೇ ಇದೆ, ಗೇರ್ ಹಾಕಿದ್ರೆ ಕರ್ರ್ ಅನ್ನುತ್ತೆ. ಪೆಡಲ್‌ಗೆ ಸಡಿಲ ಏನೂ ಉಳಿದಿಲ್ಲ ಅಂದ್ರೆ ಮೊದಲನೇದು ಆಗುತ್ತೆ, ಸಡಿಲ ಜಾಸ್ತಿಯಾದ್ರೆ ಎರಡನೇದು. ಆ ಸಡಿಲ ಹೊಂದಿಸೋ ರಾಡ್ ಯಾವ ಕಡೆ ತಿರುಗಿಸ್ಬೇಕು ಅನ್ನೋದು ಈ ಒಂದು ಪದದ ಮೇಲೇ ನಿಂತಿರುತ್ತೆ, ಉಲ್ಟಾ ಕೇಳಿಸ್ಕೊಂಡ್ರೆ ಇರೋ ತೊಂದ್ರೆ ಇನ್ನೂ ಜಾಸ್ತಿ. ಸದ್ಯ ಇಲ್ಲಿ ಹಂಗೆ ಕೇಳಿಸ್ಕೊಳ್ಳೋದು ಕಷ್ಟ.

ಹಾವೇರಿ ಕಡೆ ಗೆಳೆಯನಿಗೆ ಇದನ್ನ ಹೇಳ್ದಾಗ ಅವನು ಇನ್ನೊಂದು ಚಂದದ ವಿಷಯ ಹೇಳ್ದ. ಅವ್ರಲ್ಲಿ “ಗೇರ್ ಬೀಳಂಗಿಲ್ಲ” ಬೇರೆ, “ಗೇರ್ ಬೀಳವಲ್ದು” ಬೇರೆ. ಬೀಳಂಗಿಲ್ಲ ಅಂದ್ರೆ ಅದು ಬೀಳೋದೇ ಇಲ್ಲ, ಯಾವತ್ತೂ. ಬೀಳವಲ್ದು ಅಂದ್ರೆ ಈಗ ಹಾಕಾಕತ್ತೀನಿ, ಒಲ್ಲೆ ಅಂತೈತಿ, ಹಠ ಮಾಡಾಕತ್ತೈತಿ. ಒಳಗೆ ಗೇರ್ ಸರಿಸೋ ಫೋರ್ಕು ಮುರಿದಿದ್ರೆ ಮೊದಲನೇದು, ಕ್ಲಚ್ ಪೂರ್ತಿ ಬಿಡ್ದೆ ಹಲ್ಲಿಗೆ ಹಲ್ಲು ಕೂಡ್ತಿಲ್ಲ ಅಂದ್ರೆ ಎರಡನೇದು. ನಮ್ಮ ‘ಬೀಳಲ್ಲ’, ‘ಬೀಳ್ತಿಲ್ಲ’ ಸ್ವಲ್ಪ ಹತ್ರ ಬರುತ್ತೆ, ಆದ್ರೆ ‘ವಲ್ದು’ ಒಳಗಿರೋ ಆ ಒಲ್ಲೆ ಅನ್ನೋ ಭಾವ ನಮ್ಮಲ್ಲಿಲ್ಲ. ಹಳೇ ಗಾಡಿಗಳಲ್ಲಿ ಸ್ಲೈಡಿಂಗ್ ಗೇರು, ಗೇರೇ ಶಾಫ್ಟ್ ಮೇಲೆ ಜಾರಿ ಬಂದು ಇನ್ನೊಂದ್ರ ಜೊತೆ ಕೂಡ್ಬೇಕು, ನಿಲ್ಲಿಸಿ ಹಾಕ್ಬೇಕು, ಅಲ್ಲಿ ಈ ‘ವಲ್ದು’ ದಿನಾ ಬೇಕಾಗೋ ಪದ.

‘ಗೇರ್ ಬಾಕ್ಸ್’ ಅನ್ನೋದೂ ಅತಿಯಾಗಿ ಅಗಲ ಆಗಿದೆ. ಕ್ಲಚ್ ಸುಟ್ರೂ, ಹಿಂದಿನ ಚಕ್ರಗಳ ಕಡೆಗೆ ಎಳೆತ ತಿರುಗಿಸೋ ಕ್ರೌನ್ ಪಿನಿಯನ್ ಹೋದ್ರೂ “ಗೇರ್ ಬಾಕ್ಸ್ ಹೋಗಿದೆ” ಅಂತೀವಿ. ಪುಸ್ತಕದಲ್ಲಿ ಇದಕ್ಕೆಲ್ಲಾ (ಟ್ರಾನ್ಸ್‌ಮಿಷನ್) ‘ಪ್ರಸರಣ’ ಅಂತ ಕಾಣುತ್ತೆ. ಪತ್ರಿಕೆಗೂ ಪ್ರಸರಣ, ಟ್ರ್ಯಾಕ್ಟರ್‌ಗೂ ಪ್ರಸರಣ, ಅದು ಯಾವ ಶೆಡ್ಡಿಗೂ ಬರಲ್ಲ ಅಂತ ನನ್ನ ಅಭಿಪ್ರಾಯ. ಬೇಕಿರೋದು ಹೊಸ ಹೆಸರಲ್ಲ, ಇರೋ ಕ್ರಿಯಾಪದಗಳನ್ನ ಸರಿಯಾಗಿ ಹಂಚ್ಕೊಳ್ಳೋದು.

ಹಂಚ್ಕೊಂಡಿರೋದಕ್ಕೆ ಒಳ್ಳೇ ಉದಾಹರಣೆ ಅಂದ್ರೆ ಸದ್ದಿನ ಪದಗಳು. ನಾನು ಕೇಳಿರೋ ಹಾಗೆ ಗುಂಯ್ ಅಂದ್ರೆ ಬೇರಿಂಗು. ಕರ್ರ್ ಅಂದ್ರೆ ಗೇರ್ ಹಾಕೋವಾಗ ಹಲ್ಲು ಉಜ್ಜೋದು. ಟಕ್ ಟಕ್ ಅಂತ ಲೆಕ್ಕ ಹಾಕಿದಂಗೆ ಬಂದ್ರೆ ಒಂದು ಹಲ್ಲು ಮುರಿದಿದೆ, ಗೇರ್ ಚಕ್ರದ ಜೊತೆ ಆ ಹಲ್ಲು ಸುತ್ತಿ ಬಂದಾಗೆಲ್ಲಾ ಒಂದು ಟಕ್. ಗಾಡಿ ತಿರುಗಿಸೋವಾಗ ಮಾತ್ರ ಕಟಕಟ ಅಂದ್ರೆ ಡಿಫರೆನ್ಷಿಯಲ್ (ತಿರುವಲ್ಲಿ ಎರಡು ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಭಾಗ) ಒಳಗಿನ ಪಿನಿಯನ್ ಅನ್ನೋ ಸಣ್ಣ ಗೇರ್‌ಗಳು, ಯಾಕಂದ್ರೆ ನೇರ ಹೋಗೋವಾಗ ಅವು ತಮ್ಮಷ್ಟಕ್ಕೆ ತಿರುಗೋದೇ ಇಲ್ಲ. ಟ್ರೇಲರ್ ಕಬ್ಬು ತುಂಬಿ ಇಳಿಜಾರಲ್ಲಿ ಬರೋವಾಗ ಗೇರ್ ತಾನಾಗೇ ನ್ಯೂಟ್ರಲ್‌ಗೆ ಬರೋದಿದೆಯಲ್ಲ, ಅದು ಸದ್ದೇ ಮಾಡಲ್ಲ, ಅದೇ ಎಲ್ಲಕ್ಕಿಂತ ಅಪಾಯ. ಅದಕ್ಕೆ ನಮ್ಮಲ್ಲಿ “ಗೇರ್ ಬಿಡುತ್ತೆ” ಅಂತಾರೆ, ನೋಡಿ ಮತ್ತೆ ‘ಬಿಡು’.

ಈ “ಕ್ಲಚ್ ಹಿಡಿ” ಎಲ್ಲಿಂದ ಬಂತು ಅಂತ ನನಗೊಂದು ಊಹೆ. ಪವರ್ ಟಿಲ್ಲರ್‌ನಲ್ಲಿ (ಹಿಂದೆ ನಡ್ಕೊಂಡು ಉಳೋ ಸಣ್ಣ ಯಂತ್ರ) ತಿರುಗಿಸೋಕೆ ಹ್ಯಾಂಡಲ್ ಕೆಳಗಿನ ಕ್ಲಚ್ಚನ್ನ ಕೈಯಲ್ಲೇ ಹಿಡೀಬೇಕು, ಎಡಗಡೇದು ಹಿಡಿದ್ರೆ ಎಡಗಡೆ ಚಕ್ರಕ್ಕೆ ಎಳೆತ ತಪ್ಪಿ ಗಾಡಿ ಎಡಕ್ಕೆ ತಿರುಗುತ್ತೆ. ಬೈಕಲ್ಲೂ ಕೈ. ಅಲ್ಲಿ ‘ಹಿಡಿ’ ಅಕ್ಷರಶಃ ನಿಜ. ಕೈಯಿಂದ ಕಾಲಿಗೆ ಪದ ಹಂಗೇ ಇಳಿದಿರಬಹುದು. ಕಾಲಿಗೆ ನಮ್ಮಲ್ಲಿ ತುಳಿ, ಒತ್ತು, ಮೆಟ್ಟು, ಅಮುಕು ಇಷ್ಟೆಲ್ಲಾ ಇದ್ದೂ ಡ್ರೈವರ್‌ಗಳ ಬಾಯಲ್ಲಿ ‘ಹಿಡಿ’ ಬಂದು ಕೂತಿದೆ.

ಹಂಗಾಗಿ ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ಪೆಡಲ್ ಕೆಳಗೆ ಹೋಗೋದಕ್ಕೆ ಏನಂತೀರಿ, ಮೇಲೆ ಬರೋದಕ್ಕೆ ಏನಂತೀರಿ? ಶಿವಮೊಗ್ಗ, ದಕ್ಷಿಣ ಕನ್ನಡ, ಬೀದರ್, ಬಳ್ಳಾರಿ ಕಡೆಯವ್ರು ದಯವಿಟ್ಟು ಹೇಳಿ. ಡ್ರೈವರ್ ಹೇಳೋದೂ ಮೆಕ್ಯಾನಿಕ್ ಹೇಳೋದೂ ಬೇರೆ ಇದ್ರೆ ಎರಡೂ ಬರೀರಿ, ನನಗೆ ಅದೇ ಮುಖ್ಯ. ಅರ್ಧ ತುಳಿದು ಇಟ್ಕೊಂಡು ಓಡಿಸೋದಕ್ಕೆ, ಪ್ಲೇಟ್ ಬೇಗ ಸವೆಯೋದೇ ಅದ್ರಿಂದ, ನಮ್ಮಲ್ಲಿ “ಕ್ಲಚ್ ಮೇಲೆ ಕಾಲಿಟ್ಕೊಂಡು ಓಡುಸ್ತಾನೆ” ಅಂತ ಇಡೀ ವಾಕ್ಯಾನೇ ಹೇಳ್ತಾರೆ, ಒಂದೇ ಪದ ಎಲ್ಲಾದ್ರೂ ಇದ್ರೆ ಅದನ್ನೂ ತಿಳಿಸಿ. ಸಾಧ್ಯ ಆದ್ರೆ ವಾಕ್ಯದ ಸಮೇತ ಬರೀರಿ, ಬರೀ ಪದ ಬೇಡ, ‘ಹಿಡಿದ್ರೆ’ ಥರದ ರೂಪ ವಾಕ್ಯದಲ್ಲಿ ಮಾತ್ರ ತನ್ನ ತೊಡಕು ತೋರಿಸೋದು.

ಅಪ್ಪ ಈಗ ಫೋನಲ್ಲಿ “ಕಾಲ್ ಕೆಳಗಿದ್ದಾಗ”, “ಕಾಲ್ ಮ್ಯಾಲಿದ್ದಾಗ” ಅಂತ್ಲೇ ಹೇಳ್ತಾರೆ.